ಕಾಲುವೆಯಾಚೆಯ ಕರೆ

ತಾಷ್ಕೆಂಟ್, ಹಳೆಪೇಟೆ
25 ಫೆಬ್ರುವರಿ 1996

ಶರೋಫತ್,

ನಿನ್ನ ತಂದೂರಿನ ಹೊಗೆ ನನ್ನ ಕಿಟಕಿಗೆ ಕಾಣುತ್ತಿದೆ. ಇವತ್ತು ಸೌದೆ ಹಸಿಯಿರಬೇಕು, ಹೊಗೆ ಕಪ್ಪಗಿದೆ. ಒಂದು ಕೂಗು ಹಾಕಿದರೆ ಕೇಳುವಷ್ಟು ಹತ್ತಿರ ಇರುವವಳಿಗೆ ಅಂಚೆಯಲ್ಲಿ ಕಾಗದ ಬರೆಯುತ್ತಿದ್ದೇನಲ್ಲ, ನನಗೇ ನಗು ಬರುತ್ತದೆ. ಏನು ಮಾಡಲಿ, ಕೂಗುವಷ್ಟು ಉಸಿರು ನನ್ನಲ್ಲಿಲ್ಲ. ಸೊಸೆಯನ್ನು ಕಳಿಸಿದರೆ ನೀನು ಬಾಗಿಲು ತೆರೆಯುವುದಿಲ್ಲ. ಮೊಮ್ಮಗನ ಮದುವೆಯ ಪಲಾವನ್ನು ತಟ್ಟೆ ತುಂಬ ಕಳಿಸಿದರೆ, ಮುಚ್ಚಿದ ಬಟ್ಟೆಯನ್ನು ಸರಿಸಿಯೂ ನೋಡದೆ ಹಾಗೇ ಹಿಂದಕ್ಕೆ ಕಳಿಸಿದೆ. ನೆರೆಮನೆಯ ತಟ್ಟೆಯನ್ನು ಬರಿದು ಮಾಡಿ ಕಳಿಸಬಾರದು ಎನ್ನುವುದು ಸರಿ. ಆದರೆ ತುಂಬಿ ಬಂದದ್ದು ತುಂಬಿದ ಹಾಗೇ ಹಿಂದಿರುಗಿದರೆ ಅದಕ್ಕೇನರ್ಥ ಎಂದು ನನಗೆ ತಿಳಿಯದೇ? ಕಾಗದವನ್ನು ನೀನು ಹಾಗೆ ಮಾಡಲಾರೆ. ಅಂಚೆಯವನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ರಂಜಾನ್ ಹಬ್ಬವೂ ಕಳೆಯಿತು. ಹಬ್ಬದ ದಿನ ಬಂದೇ ಬರುತ್ತೀಯೆಂದು ಬೆಳಿಗ್ಗೆಯಿಂದ ದಿಂಬಿಗೊರಗಿ ಕೂತಿದ್ದೆ. ಚಹಾ ಆರಿತು, ಮತ್ತೆ ಮಾಡಿಸಿದೆ, ಅದೂ ಆರಿತು. ಕೊನೆಗೆ ಸೊಸೆ, "ಸಾಕು ಮಲಗಿ ಅತ್ತೆ, ಅವರು ಬರಲ್ಲ" ಎಂದಳು.

ಮದುವೆಯ ವಿಷಯವನ್ನು ಹೇಳಿಬಿಡುತ್ತೇನೆ. ಕರೆಯಲು ಮನೆಮನೆಗೆ ಹೋದವನು ಹೊಸಬ. ನಮ್ಮ ಹೊಸ ಮೊಹಲ್ಲಾ ಸಮಿತಿಯ ಅಧ್ಯಕ್ಷರು "ಕಾಲುವೆಯವರೆಗೆ ಹೋಗು" ಎಂದರಂತೆ, ಅವನು ಕಾಲುವೆಯವರೆಗೆ ಹೋದ. ಸೇತುವೆಯ ಹಲಗೆಯ ಮೇಲೆ ಕಾಲಿಡಲಿಲ್ಲ. ಹಿಂದಿನ ಸಂಜೆ ಪಲಾವಿನ ಕ್ಯಾರೆಟ್ ಹೆಚ್ಚಲು ನಿನ್ನ ಮಗ ಬರಲಿಲ್ಲವೆಂದಾಗಲೇ ನನಗೆ ಅನುಮಾನ ಬಂತು. ಎರ್ಗಶ್‌ನನ್ನು ಕೇಳಿದರೆ, "ಅಮ್ಮಾ, ಈಗ ಅದು ಬೇರೆ ಮೊಹಲ್ಲಾ" ಎಂದ. ನನ್ನ ಮಗನೇ ಹಾಗೆಂದ. ಹುಟ್ಟಿದ ಮೇಲೆ ಮೊದಲ ಸಲ ಅವನನ್ನು ಎತ್ತಿಕೊಂಡು ಆ ಸೇತುವೆ ದಾಟಿದವಳು ನೀನು.

ನಮ್ಮ ಮೊಹಲ್ಲಾವನ್ನು ಎರಡು ಮಾಡಿ ನಕ್ಷೆ ಬರೆದವರಿಗೆ ಕಾಲುವೆಯೊಂದು ನೀಲಿ ಗೆರೆಯಾಗಿ ಕಂಡಿರಬೇಕು. ಕತ್ತರಿಸಲು ಸುಲಭ ಎಂದುಕೊಂಡರು. ನಮಗೆ ಕಾಲುವೆ ಮನೆಯ ನಡುಮನೆ ಇದ್ದಂತೆ. ಪಾತ್ರೆ ತೊಳೆದದ್ದು, ಜಗಳವಾಡಿದ್ದು, ಹೆಣ್ಣು ನೋಡಿದ್ದು ಎಲ್ಲ ಅದರ ಎರಡು ದಂಡೆಗಳಲ್ಲೇ. ನಡುಮನೆಯಲ್ಲಿ ಗೋಡೆ ಎಬ್ಬಿಸಿ, ಇನ್ನು ನೀವು ಎರಡು ಸಂಸಾರ ಎಂದರು. ಅಂಚೆ ಕಚೇರಿಯಲ್ಲೂ ಹೀಗೇ. ನಾನು 'ಕೊಶ್‌ತೂತ್ ಮೊಹಲ್ಲಾ' ಎಂದು ನನ್ನ ವಿಳಾಸ ಬರೆದು ಕಳಿಸಿದರೆ, ಅಲ್ಲಿಯ ಹುಡುಗಿ ಅದನ್ನು ಹೊಡೆದು ನಮ್ಮ ದಂಡೆಗೆ ಇಟ್ಟ ಹೊಸ ಹೆಸರು 'ನವ್‌ಬಹೋರ್' ಎಂದು ತಿದ್ದಿದಳಂತೆ. ಈ ಕಾಗದ ನಮ್ಮ ಅಂಚೆಯಿಂದ ದೊಡ್ಡ ಅಂಚೆಗೆ ಹೋಗಿ, ಅಲ್ಲಿಂದ ನಿಮ್ಮ ಅಂಚೆಗೆ ಬರುವಷ್ಟರಲ್ಲಿ ವಾರವೋ ಹತ್ತು ದಿನವೋ ಆಗುತ್ತದಂತೆ. ಅಷ್ಟು ದಿನ ಕೋಪ ಇಳಿಸಿಕೊಳ್ಳಲು ನಿನಗೆ ಸಮಯ.

ಕಾಲು ಊದಿಕೊಂಡಿದೆ. ಹೃದಯ ದಣಿದಿದೆ ಎಂದು ವೈದ್ಯರು ಹೇಳುತ್ತಾರೆ. ಬಾರೇ.

ನಿನ್ನ
ಕುಮ್ರಿ

*

ಕೊಶ್‌ತೂತ್
9 ಮಾರ್ಚ್ 1996

ಕುಮ್ರಿ,

ನಿನ್ನ ಕಾಗದ ತಲುಪಿತು. ಸೌದೆ ಹಸಿಯಿರಲಿಲ್ಲ. ರೊಟ್ಟಿ ಸೀದಿತ್ತು.

ನಾನು ಪಲಾವಿಗೆ ಮುನಿದೆ ಎಂದುಕೊಂಡೆಯಾ? ಈ ವಯಸ್ಸಿನಲ್ಲಿ ಒಂದು ತಟ್ಟೆ ಅನ್ನಕ್ಕೆ ಮುಖ ಊದಿಸಿಕೊಂಡು ಕೂರುವವಳೇ ನಾನು? ಮದುವೆಗೆ ಕರೆದರೆ ಹೋಗು, ಸಾವಿಗೆ ಕರೆಯದಿದ್ದರೂ ಹೋಗು ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಕರೆಯಲಿಲ್ಲ, ಬರಲಿಲ್ಲ. ಅಲ್ಲಿಗೆ ಮುಗಿಯಿತು. ನಾನು ತಟ್ಟೆ ತಿರುಗಿಸಿದ್ದು ಬೇರೆಯದಕ್ಕೆ, ಅದು ನಿನಗೆ ಗೊತ್ತು. ಗೊತ್ತಿದ್ದೂ ನಿನ್ನ ಕಾಗದದಲ್ಲಿ ಅದರ ಬಗ್ಗೆ ಒಂದಕ್ಷರ ಬರೆದಿಲ್ಲ.

ಶರತ್ಕಾಲದಲ್ಲಿ ನಿಮ್ಮ ದಂಡೆಯ ರೋಬಿಯಾಜ್ಜಿ ತೀರಿಕೊಂಡಳಲ್ಲ. ಅವಳ ಸೊಸೆ ದಂಡೆಗೆ ಬಂದು ನನ್ನ ಹೆಸರು ಹಿಡಿದು ಕೂಗಿದಳು. ನಾನಾಗಿ ಬರಲಿಲ್ಲ, ಕರೆದದ್ದಕ್ಕೆ ಬಂದೆ. ನನ್ನ ಅತ್ತೆ ಸತ್ತ ಮೇಲೆ ಎರಡೂ ದಂಡೆಯ ಹೆಂಗಸರನ್ನು ಕೊನೆಯದಾಗಿ ಮೀಯಿಸಿದವಳು ನಾನೇ ಅಲ್ಲವೇ? ನಿನ್ನ ತಾಯಿಯನ್ನು ಮೀಯಿಸಿದವಳು ಯಾರು? ನನ್ನ ಬೋಗುಣಿಯನ್ನು ಶಾಲಿನೊಳಗೆ ಇಟ್ಟುಕೊಂಡು ಅಂಗಳಕ್ಕೆ ಕಾಲಿಟ್ಟರೆ, ನಿಮ್ಮ ಸಮಿತಿಯವನೊಬ್ಬ ಎದುರು ನಿಂತು, "ಅಮ್ಮಾ, ಈ ಮೊಹಲ್ಲಾಕ್ಕೆ ಬೇರೆಯವರನ್ನು ಗೊತ್ತು ಮಾಡಿದ್ದೀವಿ. ನೀವು ಆಚೆಯವರು" ಎಂದ. ಒಳಗೆ ಆಗಲೇ ನೀರಿನ ಸದ್ದು ಕೇಳುತ್ತಿತ್ತು.

ಅಂಗಳದಲ್ಲಿ ಹೆಂಗಸರು ಕೂತಿದ್ದರು. ನೀನೂ ಕೂತಿದ್ದೆ. ನಾನು ನಿನ್ನನ್ನು ನೋಡಿದೆ. ನೀನು ತಲೆ ತಗ್ಗಿಸಿದೆ.

ಒಂದು ಮಾತು, ಕುಮ್ರಿ. "ಅವಳು ನಮ್ಮವಳೇ" ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಅವನು ಒಳಗೆ ಬಿಡದಿದ್ದರೂ ಚಿಂತೆಯಿರಲಿಲ್ಲ. ನಾನು ಬೋಗುಣಿ ಹಿಡಿದು ಸೇತುವೆ ದಾಟಿ ಹಿಂದಕ್ಕೆ ಬಂದದ್ದನ್ನು ಎರಡೂ ದಂಡೆಯವರು ನೋಡಿದರು.

ಕಾಲಿಗೆ ಬೆಚ್ಚಗೆ ಮಾಡಿಕೋ. ಉಪ್ಪು ಕಡಿಮೆ ತಿನ್ನು.

ಶರೋಫತ್

*

18 ಮಾರ್ಚ್ 1996

ಶರೋಫತ್,

ತಗ್ಗಿಸಿದೆ. ನಿಜ.

ಆ ವಾರ ಎರ್ಗಶ್ ಮೊಮ್ಮಗನ ಮದುವೆಯ ಚಪ್ಪರಕ್ಕೆಂದು ಬೀದಿಯ ಜಾಗ, ಸಮಿತಿಯ ದೊಡ್ಡ ಕಡಾಯಿ, ಮೇಜು ಬೆಂಚುಗಳಿಗೆ ಅಧ್ಯಕ್ಷರ ಹಿಂದೆ ಓಡಾಡುತ್ತಿದ್ದ. ನಾನು ಬಾಯಿ ತೆರೆದರೆ ಅವನ ಕೆಲಸ ಕೆಡುತ್ತದೆ ಎಂದುಕೊಂಡೆ. ಇಷ್ಟೇ. ಇದಕ್ಕಿಂತ ದೊಡ್ಡ ಕಾರಣ ಹುಡುಕಿದೆ, ಸಿಗಲಿಲ್ಲ. ನೀನು ಬೆನ್ನು ತಿರುಗಿಸಿ ಹೋದದ್ದನ್ನು ನೋಡಿದೆ. ಒಳಗೆ ಸತ್ತವಳಿಗಾಗಿ ಅಳುತ್ತಿದ್ದೇನೆಂದು ಎಲ್ಲರೂ ಅಂದುಕೊಂಡರು.

ಈಗ ನಿನ್ನನ್ನು ಒಂದು ಕೇಳುತ್ತೇನೆ. ಕೇಳುವ ಮುಖ ನನಗಿಲ್ಲ, ಆದರೂ ಕೇಳುತ್ತೇನೆ. ನನಗೆ ಹೆಚ್ಚು ದಿನವಿಲ್ಲ. ವೈದ್ಯರು ಎರ್ಗಶ್‌ನನ್ನು ಹೊರಗೆ ಕರೆದು ಮಾತಾಡಿದರು. ಒಳಗೆ ಬಂದವನು ನನ್ನ ಮುಖ ನೋಡದೆ ಕಿಟಕಿ ಮುಚ್ಚಿದ, ತೆರೆದ, ಮತ್ತೆ ಮುಚ್ಚಿದ. ನನಗೆ ಸಾವಿನ ಹೆದರಿಕೆಯಿಲ್ಲ. ಸತ್ತ ಮೇಲೆ ನನ್ನನ್ನು ಮೀಯಿಸುವ ಕೈಗಳ ಹೆದರಿಕೆ. ಆ ಸಮಿತಿಯ ಹೆಂಗಸು ಸಾಜಿದಾ ಅಂತೆ, ಹೊಸ ಬಡಾವಣೆಯಿಂದ ಬರುತ್ತಾಳಂತೆ, ಒಳ್ಳೆಯವಳೇ ಇರಬಹುದು. ಆದರೆ ಗುರುತಿಲ್ಲದವಳು ನನ್ನ ಅಂಗಿ ಬಿಚ್ಚುವುದು ನನಗೆ ಬೇಡ. ನನ್ನ ಬೆನ್ನಿನಲ್ಲಿರುವುದು ನಿನಗೆ ಗೊತ್ತು. ಅದು ಹೇಗಾಯಿತೆಂಬುದೂ ನಿನಗೊಬ್ಬಳಿಗೇ ಗೊತ್ತು. ನನ್ನ ಮಕ್ಕಳಿಗೂ ಹೇಳಿಲ್ಲ. ಅವರು ತಂದೆಯನ್ನು ಒಳ್ಳೆಯವನೆಂದು ತಿಳಿದಿದ್ದಾರೆ, ಹಾಗೇ ತಿಳಿದಿರಲಿ. ಸಮಾಧಿಯಲ್ಲಿರುವವನ ಮೇಲೆ ಈಗೇಕೆ ದೂರು.

ನನ್ನನ್ನು ನೀನು ಮೀಯಿಸಬೇಕು. ಅಳುವ ಸದ್ದು ಕೇಳಿದ ಕೂಡಲೇ ಯಾರೂ ಕರೆಯದಿದ್ದರೂ ಬಂದುಬಿಡು. ಯಾರಾದರೂ ತಡೆದರೆ, ಈ ಸಲ ತಲೆ ತಗ್ಗಿಸಲು ನಾನಿರುವುದಿಲ್ಲ.

ಕುಮ್ರಿ

*

29 ಮಾರ್ಚ್ 1996

ಕುಮ್ರಿ,

ನಿನ್ನ ಕಾಗದ ಓದಿ ಎರಡು ದಿನ ಕೆಲಸಕ್ಕೆ ಕೈ ಬರಲಿಲ್ಲ.

ನವ್ರೂಜ್ ಹಬ್ಬಕ್ಕೆ ಈ ದಂಡೆಯಲ್ಲಿ ನಾವಷ್ಟೇ ಸುಮಲಕ್ ಪಾಯಸ ಕಾಯಿಸಿದೆವು. ಮೊಳಕೆಯ ಗೋಧಿ ಕಡಿಮೆ, ಕದಡುವ ಕೈಗಳೂ ಕಡಿಮೆ. ನಿಮ್ಮ ದಂಡೆಯಲ್ಲೂ ಕಡಾಯಿಯ ಬೆಂಕಿ ಕಾಣುತ್ತಿತ್ತು. ಎಷ್ಟು ಕಾಲದಿಂದ ಒಂದೇ ಕಡಾಯಿ ಇತ್ತಲ್ಲೇ. ನೀನು ಹಾಡುತ್ತಿದ್ದೆ, ನಾನು ನಿನ್ನ ದನಿ ಕತ್ತೆಯದು ಎನ್ನುತ್ತಿದ್ದೆ. ಈ ಸಲ ಯಾರೂ ಹಾಡಲಿಲ್ಲ. ತಳ ಹಿಡಿಯಿತು.

ನೀನು ಕೇಳಿದ್ದಕ್ಕೆ ಉತ್ತರ ಹೇಳುತ್ತೇನೆ. ನಾನು ಕರೆಯದೆ ಬರಲಾರೆ. ಇದು ಮುನಿಸಿನ ಮಾತಲ್ಲ. ಸಾವಿನ ಮನೆಗೆ ಯಾರು ಬೇಕಾದರೂ ಕರೆಯದೆ ಹೋಗಬಹುದು, ಮೀಯಿಸುವವಳೊಬ್ಬಳು ಹೋಗುವಂತಿಲ್ಲ. ಕರೆಯದೆ ಹೊಸ್ತಿಲು ತುಳಿದರೆ ಸಾವನ್ನು ಕಾಯುತ್ತಿದ್ದಳು ಎನ್ನುತ್ತಾರೆ. ನನ್ನ ಅತ್ತೆ ಬೋಗುಣಿಯನ್ನು ನನ್ನ ಕೈಗೆ ಕೊಡುವಾಗ ಈ ಒಂದೇ ಮಾತಿಗೆ ಆಣೆ ಹಾಕಿಸಿಕೊಂಡಳು. ನಾನು ಕಾಯಿಲೆಯವರನ್ನು ನೋಡಲೂ ಹೋಗುವುದಿಲ್ಲ, ನೀನು ಗಮನಿಸಿರಬೇಕು. ನೆಗಡಿಯಾದವರ ಮನೆ ಮುಂದೆ ಹಾದುಹೋದರೂ ಜನ ಬಾಗಿಲ ಸಂದಿಯಿಂದ ನೋಡುತ್ತಾರೆ. ರಂಜಾನ್ ಹಬ್ಬದ ದಿನ ನಾನು ಸೇತುವೆಯವರೆಗೆ ಬಂದಿದ್ದೆ. ನೀನು ಮಲಗಿದ್ದೀಯೆಂದು ಕೇಳಿ ಹಿಂದಿರುಗಿದೆ.

ಆದ್ದರಿಂದ ಎರ್ಗಶ್‌ಗೆ ಹೇಳು. ಅವನು ಬರಲಿ, ನನ್ನ ಬಾಗಿಲನ್ನು ಒಂದು ಸಲ ತಟ್ಟಲಿ. ಮಾತೂ ಬೇಡ. ಆಮೇಲೆ ನಿಮ್ಮ ಅಧ್ಯಕ್ಷನಲ್ಲ, ಅವನಪ್ಪ ಬಂದು ನಿಂತರೂ ನಾನು ಹಿಂದಿರುಗುವುದಿಲ್ಲ.

ಶರೋಫತ್

*

15 ಏಪ್ರಿಲ್ 1996

ಶರೋಫತ್,

ಅಕ್ಷರ ಸೊಟ್ಟಗಿವೆ, ಕ್ಷಮಿಸು. ಮಲಗಿಕೊಂಡೇ ಬರೆಯುತ್ತಿದ್ದೇನೆ.

ಎರ್ಗಶ್‌ಗೆ ಹೇಳಿದೆ. ಮೊದಲು, "ಸಾಯೋ ಮಾತು ಯಾಕಮ್ಮ" ಎಂದ. ಬಿಡದೆ ಹೇಳಿದೆ. ಆಗ ನನ್ನ ಕಾಲ ಹತ್ತಿರ ಕೂತು, ಹೆಣ ಹೊರುವ ಮಂಚ ಸಮಿತಿಯದು, ಗೋರಿಯ ಜಾಗಕ್ಕೆ ಮಾತಾಡುವವರು ಸಮಿತಿಯವರು, ಹೆಗಲು ಕೊಡುವ ಗಂಡಸರೂ ಸಮಿತಿಯ ಮಾತಿನವರು ಎಂದ. ಅವರು ಗೊತ್ತು ಮಾಡಿದವಳನ್ನು ಬಿಟ್ಟು ಆಚೆಯವಳನ್ನು ಕರೆದರೆ ಅವರಿಗೆ ಅವಮಾನ. "ನಾಳೆ ಅವರು ಮುನಿಸಿಕೊಂಡ್ರೆ ನಿನ್ನನ್ನ ಯಾರಮ್ಮ ಹೊರ್ತಾರೆ?" ಎಂದ. ಅವನ ಕಣ್ಣಲ್ಲಿ ನೀರಿತ್ತು. ಕೆಟ್ಟವನಲ್ಲ, ನನ್ನ ಹಾಗೇ ಪುಕ್ಕಲ.

ಅವನು ನಿನ್ನ ಬಾಗಿಲು ತಟ್ಟುವುದಿಲ್ಲ ಕಣೇ. ಅದನ್ನು ಬಿಟ್ಟುಬಿಡೋಣ.

ನಾನು ಬದುಕಿರುವಾಗ ಬಾ. ಮೀಯಿಸುವವಳಾಗಿ ಬೇಡ, ಶರೋಫತ್ ಆಗಿ ಬಾ. ತಲೆ ತುರಿಸುತ್ತದೆ. ಸೊಸೆ ಒಳ್ಳೆಯವಳು, ಆದರೆ ಜಡೆ ಬಿಚ್ಚಲು ಹೆದರುತ್ತಾಳೆ, ಕೂದಲು ಕೈಗೆ ಬರುತ್ತದಂತೆ. ನಿನ್ನ ಮನೆಯ ಮೊಸರು ತಂದು ತಲೆ ತೊಳೆದು ಹೋಗು. ನಿನ್ನನ್ನು ಕರೆಯುತ್ತಿರುವವಳು ನಾನು.

ಕುಮ್ರಿ

*

ಉರ್ಗೆಂಚ್
20 ಮೇ 1996

ಶರೋಫತ್ ಚಿಕ್ಕಮ್ಮನಿಗೆ ನಿಮ್ಮ ಕುಮ್ರಿಯ ಮಗಳು ಹುಲ್ಕರ್ ಮಾಡುವ ವಂದನೆಗಳು.

ಅಮ್ಮ ಹೋದ ಸುದ್ದಿ ತಿಳಿದು ನಾನು ರೈಲು ಹತ್ತಿ ತಾಷ್ಕೆಂಟ್ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಗೋರಿಯ ಮಣ್ಣು ಆಗಲೇ ಒಣಗಿತ್ತು. ಮುಖ ನೋಡಲೂ ಆಗಲಿಲ್ಲ. ಏಳನೇ ದಿನದ ಊಟದಲ್ಲಿ ನೀವು ಕಾಣಲಿಲ್ಲ. ನಿಮ್ಮ ಬಾಗಿಲಿಗೆ ಬಂದೆ, ಒಳಗಿನಿಂದ ಚಿಲಕ ಹಾಕಿತ್ತು. ಮಕ್ಕಳ ಶಾಲೆ ಇದ್ದುದರಿಂದ ಮರುದಿನವೇ ಹೊರಡಬೇಕಾಯಿತು.

ಅಮ್ಮನ ಹಸಿರು ರೇಷ್ಮೆ ಅಂಗಿಯನ್ನು ಮೀಯಿಸಿದವರಿಗೆ ಕೊಡಬೇಕಲ್ಲ, ಅದಕ್ಕೆ ಅಣ್ಣನನ್ನು ಕೇಳಿದೆ. ಅವನು ಸರಿಯಾಗಿ ಉತ್ತರ ಕೊಡುವುದಿಲ್ಲ. ಒಮ್ಮೆ ಸಮಿತಿಯವರು ಎನ್ನುತ್ತಾನೆ. ಒಮ್ಮೆ "ಆ ವಿಷಯ ಬಿಡು" ಎನ್ನುತ್ತಾನೆ. ನಿಮ್ಮ ಹೆಸರು ಎತ್ತಿದರೆ ಎದ್ದು ಹೋಗುತ್ತಾನೆ. ನೀವು ಬಾಗಿಲಿಗೆ ಒರಗಿ ಕೂತು ಏನೋ ಹೇಳುತ್ತಿದ್ದಿರಿ ಎಂದು ಪಕ್ಕದ ಮನೆಯಾಕೆ ಹೇಳಿದರು. ಇನ್ನೂ ಏನೇನೋ ಹೇಳಿದರು, ಅದನ್ನು ಬರೆಯಲಾರೆ.

ಚಿಕ್ಕಮ್ಮ, ನಮ್ಮಮ್ಮನನ್ನು ಮೀಯಿಸಿದವರು ಯಾರು? ದಿನವೂ ಪ್ರಾರ್ಥನೆಗೆ ಕೈಯೆತ್ತುವಾಗ ಆ ಕೈಗಳಿಗೂ ಒಳ್ಳೆಯದನ್ನು ಕೇಳಿಕೊಳ್ಳಬೇಕೆಂದು ಆಸೆ. ಯಾರೆಂದು ತಿಳಿಯದೆ ಹೇಗೆ ಕೇಳಲಿ?

ನಿಮ್ಮ ಮಗಳಂತಿರುವ
ಹುಲ್ಕರ್

*

ಕೊಶ್‌ತೂತ್
5 ಜೂನ್ 1996

ಮಗಳೇ ಹುಲ್ಕರ್,

ನೀನು ಬಂದಾಗ ನಾನು ಮನೆಯೊಳಗೇ ಇದ್ದೆ. ನಿನ್ನ ದನಿ ನಿನ್ನಮ್ಮನದೇ ದನಿ. ತೆರೆಯಲು ಧೈರ್ಯವಾಗಲಿಲ್ಲ. ಆ ಪಕ್ಕದ ಮನೆಯಾಕೆ ಹೇಳಿದ್ದನ್ನು ನೀನು ಬರೆಯಲಿಲ್ಲ, ನಾನೇ ಬರೆಯುತ್ತೇನೆ. ಗುರುವಾರ ಶರೋಫತ್ ಬಂದಳು, ಶುಕ್ರವಾರ ಕುಮ್ರಿ ಸತ್ತಳು. ಇದೇ ತಾನೇ? ಎರಡೂ ದಂಡೆಗಳಲ್ಲಿ ಈಗ ಇದೇ ಮಾತು. ಮೊಹಲ್ಲಾ ಎರಡಾದರೂ ಈ ಮಾತಿಗೆ ಸೇತುವೆ ಸಾಕಾಯಿತು. ನಿನ್ನಣ್ಣನೂ ಹಾಗೇ ನಂಬಿರಬೇಕು, ಅದಕ್ಕೇ ಎದ್ದು ಹೋಗುತ್ತಾನೆ. ಅವನ ಮೇಲೆ ನನಗೆ ಕೋಪವಿಲ್ಲ. ಅಮ್ಮನನ್ನು ಕಳೆದುಕೊಂಡವನಿಗೆ ಬೈಯಲು ಯಾರಾದರೂ ಒಬ್ಬರು ಬೇಕು.

ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ನಿನ್ನಮ್ಮನ ಕೊನೆಯ ಕಾಗದ ಆ ಗುರುವಾರ ಬಂತು. ಹತ್ತು ದಿನ ಊರೆಲ್ಲ ಸುತ್ತಿ ಬಂದಿತ್ತು. ಓದಿದವಳೇ ಮೊಸರಿನ ಗಡಿಗೆ ಎತ್ತಿಕೊಂಡು ಹೊರಟೆ. ಅಂಗಳದಲ್ಲಿ ನಿನ್ನತ್ತಿಗೆ ನನ್ನನ್ನು ನೋಡಿ ಕೈಲಿದ್ದ ಚೊಂಬನ್ನು ಕೆಳಗೆ ಬಿಟ್ಟಳು. ನಾನು ನೇರ ಒಳಗೆ ಹೋದೆ. ನಿನ್ನಮ್ಮ ದಿಂಬಿನಲ್ಲಿ ಹೂತುಹೋಗಿದ್ದಳು, ಕಣ್ಣು ಮಾತ್ರ ದೊಡ್ಡವಾಗಿದ್ದವು. "ಕಾಗದ ತಲುಪೋಕೆ ಇಷ್ಟು ದಿನವೇ?" ಎಂದಳು. "ಕತ್ತೆ ಮೇಲೆ ಬಂತು, ಹಾಡ್ಕೊಂಡು" ಎಂದೆ. ನಕ್ಕಳು. ನಗಲು ಉಸಿರು ಸಾಲಲಿಲ್ಲ, ಆದರೂ ನಕ್ಕಳು.

ತಲೆಯನ್ನು ನನ್ನ ತೊಡೆಯ ಮೇಲಿಟ್ಟುಕೊಂಡು ಮೊಸರು ಹಚ್ಚಿದೆ, ಬೆಚ್ಚಗಿನ ನೀರಿನಲ್ಲಿ ತೊಳೆದೆ. ಬೆನ್ನು ಒರೆಸಿದೆ, ಪಾದ ಉಜ್ಜಿದೆ. ಎಷ್ಟೋ ಜನರನ್ನು ಮೀಯಿಸಿದ್ದೇನೆ, ಯಾರೂ ಒಮ್ಮೆಯೂ "ನೀರು ಸ್ವಲ್ಪ ಬಿಸಿ" ಎಂದಿರಲಿಲ್ಲ. ಅವಳು ಅಂದಳು. ತಣ್ಣೀರು ಬೆರೆಸಿದೆ. ಜಡೆ ಹೆಣೆಯುವಾಗ ಅವಳು ಕ್ಷಮೆ ಕೇಳಲು ಹೊರಟಳು, ಬಾಚಣಿಗೆಯಿಂದ ತಲೆಗೆ ಮೆಲ್ಲಗೆ ಕುಟ್ಟಿ ಸುಮ್ಮನಿರಿಸಿದೆ. ಹೊರಡುವಾಗ ನನ್ನ ಬೆರಳು ಹಿಡಿದುಕೊಂಡು, "ಉಗುರು ಉಳೀತಲ್ಲೇ, ನಾಳೆ ಬಾ" ಎಂದಳು.

ಬೆಳಗಾಗುವ ಹೊತ್ತಿಗೆ ನಿಮ್ಮ ಮನೆಯಿಂದ ಅಳುವ ದನಿ ಕೇಳಿಸಿತು. ನಾನು ಬೋಗುಣಿ ತೆಗೆದುಕೊಂಡು ಸೇತುವೆ ದಾಟಿದೆ. ಬಾಗಿಲಲ್ಲಿ ಎರ್ಗಶ್ ಸಾವಿನ ಮನೆಯ ಗಂಡುಮಕ್ಕಳು ನಿಲ್ಲುವ ಹಾಗೆ ನಡುಕಟ್ಟು ಬಿಗಿದುಕೊಂಡು ಕೋಲು ಹಿಡಿದು ನಿಂತಿದ್ದ, ಪಕ್ಕದಲ್ಲಿ ಅಧ್ಯಕ್ಷ.

"ಯಾರು ಕರೆದ್ರು, ಚಿಕ್ಕಮ್ಮ?" ಎಂದ.

"ನಿನ್ನಮ್ಮ ಕರೆದ್ಲು. ನಾಳೆ ಬಾ ಅಂದಿದ್ಲು, ಬಂದಿದೀನಿ."

ಅವನು ಅಧ್ಯಕ್ಷನ ಮುಖ ನೋಡಿದ. ಅಧ್ಯಕ್ಷ ತನ್ನ ಬೂಟು ನೋಡಿಕೊಂಡ. ತಡೆಯಲಿಲ್ಲ. ಆದರೆ ತಡವಾಗಿತ್ತು, ಮಗಳೇ. ನಾನು ಕೋಣೆಯ ಹತ್ತಿರ ಹೋಗುವಷ್ಟರಲ್ಲಿ ಬಾಗಿಲು ಮುಚ್ಚಿತ್ತು, ನೀರು ಹೊಯ್ಯಲು ಶುರುವಾಗಿತ್ತು. ಒಮ್ಮೆ ಶುರುವಾದರೆ ಬಾಗಿಲು ತೆರೆಯುವಂತಿಲ್ಲ, ಹೊಸಬರು ಒಳಗೆ ಹೋಗುವಂತಿಲ್ಲ. ಇದನ್ನು ಸಮಿತಿ ಮಾಡಿದ್ದಲ್ಲ, ನಮ್ಮಂಥವರೇ ಮಾಡಿಕೊಂಡದ್ದು. ಬೋಗುಣಿ ಹಿಡಿದುಕೊಂಡು ಹೊಸ್ತಿಲ ಪಕ್ಕದಲ್ಲಿ ನೆಲದ ಮೇಲೆ ಕೂತೆ.

ಸ್ವಲ್ಪ ಹೊತ್ತಿಗೆ ಒಳಗೆ ನೀರಿನ ಸದ್ದು ನಿಂತಿತು. ಅವಳು ಬೆನ್ನನ್ನು ನೋಡಿರಬೇಕೆಂದು ಗೊತ್ತಾಯಿತು. ಬಾಗಿಲಿಗೆ ಬಾಯಿಟ್ಟು, "ತಂಗೀ, ಅಲ್ಲಿ ಕಂಡಿದ್ದನ್ನ ಅಲ್ಲೇ ಬಿಡು. ಮೆಲ್ಲಗೆ ಹೊಯ್ಯಿ, ಆ ಜಾಗ ಕಡೇವರೆಗೂ ನೋಯ್ತಿತ್ತು ಅವಳಿಗೆ" ಎಂದೆ. ಏನದು ಎಂದು ನನ್ನನ್ನು ಕೇಳಬೇಡ ಹುಲ್ಕರ್. ನಿನ್ನಮ್ಮ ಹೇಳದ್ದನ್ನು ನಾನು ಹೇಳುವುದಿಲ್ಲ.

ಒಳಗಿನಿಂದ, "ಆಯ್ತು ಅಕ್ಕ" ಎಂದು ಕೇಳಿಸಿತು. ಎಳೆ ದನಿ. ಇನ್ನೂ ನಲವತ್ತು ದಾಟಿರಲಿಕ್ಕಿಲ್ಲ. ಆಮೇಲೆ, "ತಲೆ ಆಗ್ಲೇ ತೊಳೆದಿದೆ, ಜಡೆ ಎಷ್ಟು ಚೆನ್ನಾಗಿ ಹಾಕಿದಾರೆ. ಬಿಚ್ಚೋಕೆ ಮನಸ್ಸು ಬರ್ತಿಲ್ಲ" ಎಂದಳು. ಬಿಚ್ಚಲೇಬೇಕು, ಬಿಚ್ಚು ಎಂದೆ. ಸತ್ತವರ ಉಗುರಿಗೆ ಕತ್ತರಿ ಹಾಕಬಾರದು, ಸಂದಿಯನ್ನು ಒದ್ದೆ ಹತ್ತಿಯಲ್ಲಿ ಒರೆಸು ಎಂದೆ. ಹಾಗೇ ಮಾಡಿದಳು.

ಮೀಯಿಸುವವರು ಸತ್ತವರ ಜೊತೆ ಮಾತಾಡುತ್ತಲೇ ಕೆಲಸ ಮಾಡಬೇಕು. ಈಗ ಕೈಯೆತ್ತಮ್ಮ, ಈಗ ಈ ಕಡೆ ಹೊರಳಮ್ಮ ಎಂದು ಕೇಳಿ ಕೇಳಿ ಮಾಡಬೇಕು, ಇಲ್ಲದಿದ್ದರೆ ಅವರು ಹೆದರುತ್ತಾರೆ. ಸಾಜಿದಾ, "ಹೋಜರ್‌ಬೀಬಿ, ಈ ಕಡೆ ಹೊರಳಿ" ಎನ್ನುತ್ತಿದ್ದಳು. ಸಮಿತಿಯವರು ಗುರುತಿನ ಚೀಟಿ ನೋಡಿ ಆ ಹೆಸರು ಹೇಳಿ ಕಳಿಸಿದ್ದರು. ನಿನ್ನಮ್ಮನನ್ನು ಆ ಹೆಸರಿನಿಂದ ಯಾರೂ ಕರೆದದ್ದನ್ನು ನಾನು ಕೇಳಿಲ್ಲ. ಮದುವೆಯಾಗಿ ಈ ಕಾಲುವೆಗೆ ಬಂದ ವಾರದಲ್ಲೇ ನಮ್ಮ ದಂಡೆಯ ಮುದುಕಿಯರು ಅವಳನ್ನು ಕುಮ್ರಿ, ಪಾರಿವಾಳ, ಎಂದು ಕರೆದರು, ಅಂದಿನಿಂದ ಅದೇ. ಸಾಜಿದಾ ಎರಡು ಸಲ, ಮೂರು ಸಲ ಹೇಳಿದಳು. ಆಮೇಲೆ ಬಾಗಿಲ ಹತ್ತಿರ ಬಂದು ಮೆಲ್ಲಗೆ, "ಅಕ್ಕಾ, ಮೈ ಬಿಗಿ ಹಿಡ್ಕೊಂಡಿದಾರೆ, ಹೊರಳ್ತಾನೇ ಇಲ್ಲ. ನೀವೆಲ್ಲ ಇವರನ್ನ ಏನಂತ ಕರೀತೀರಿ?" ಎಂದು ಕೇಳಿದಳು.

ಹೇಳಿದೆ.

ಹಸಿರು ಅಂಗಿಯನ್ನು ಅವಳಿಗೇ ಕಳಿಸು, ಹುಲ್ಕರ್. ಪ್ರಾರ್ಥನೆಯಲ್ಲಿ ಅವಳ ಹೆಸರನ್ನೇ ಹೇಳು, ಸಾಜಿದಾ. ಅಲ್ಲಿಯವರೆಗೆ ನಾನು ಅತ್ತಿರಲಿಲ್ಲ. ಒಳಗೆ ಮತ್ತೆ ನೀರು ಹೊಯ್ಯುವ ಸದ್ದಾಯಿತು. ಗುರುತು ಪರಿಚಯವಿಲ್ಲದ ಆ ಹೆಂಗಸು, "ಕುಮ್ರಿ ಅಕ್ಕ, ಬಾಮ್ಮ, ಈ ಕಡೆ ಹೊರಳು" ಎಂದಳು. ನಿನ್ನಮ್ಮ ಹೊರಳಿದಳು.

ಶರೋಫತ್